ಬೇಸ್ ಗಿಟಾರ್: ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆಪಾಡಿಗಲ್ಲದೆ ಖುಷಿಗಾಗಿ ಬೇಸ್ ನುಡಿಸಲು ಹೊರಟವರಿಗೆಂದು ಬರೆದ ಉತ್ತರಗಳಿವು. ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಪುಣ್ಯ ಎನ್ನುವವರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಓದಲೇಬೇಕೆಂದಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೆ ಹೋಗಿ.

ಬೇಸ್ ಗಿಟಾರ್ ಮಾಮೂಲಿ ಗಿಟಾರಿಗಿಂತ ಹೇಗೆ ಬೇರೆ?

ತಂತಿಗಳು ನಾಲ್ಕೇ, ಆದರೆ ದಪ್ಪ. ಕುತ್ತಿಗೆ ಉದ್ದ. ನಾದ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಜಿ ತಂತಿ 98 ಸಲ. ತಂತಿಗಳಿಗೆ ಸಂಖ್ಯೆ ಕೊಡುವಾಗ ತೆಳ್ಳಗಿನದು 1, ಎಲ್ಲಕ್ಕಿಂತ ದಪ್ಪನೆಯದು 4. ಮುಂದೆ ಈ ಸಂಖ್ಯೆಗಳನ್ನೇ ಬಳಸುತ್ತೇನೆ.

ವಂಶ ನೋಡಿದರೆ ಇದು ಗಿಟಾರಿಗಿಂತ ಡಬಲ್ ಬೇಸ್‌ಗೆ ಹತ್ತಿರ. ಆಳೆತ್ತರದ ಆ ವಾದ್ಯವನ್ನು ಹೊತ್ತು ತಿರುಗುವುದು ಕಷ್ಟವಾಗಿತ್ತು, ತುತ್ತೂರಿ ಮತ್ತು ಡ್ರಮ್ಮುಗಳ ನಡುವೆ ಅದರ ದನಿ ಕೇಳಿಸುವುದು ಇನ್ನೂ ಕಷ್ಟವಾಗಿತ್ತು. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ಫ್ರೆಟ್ (ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಇರುವ ವಿದ್ಯುತ್ ಬೇಸ್ ಮಾಡಿದ್ದರು, ಅದು ಹೆಚ್ಚು ಜನರನ್ನು ಮುಟ್ಟಲಿಲ್ಲ. 1951ರಲ್ಲಿ ಲಿಯೊ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್ ಲೋಕಕ್ಕೆಲ್ಲ ಹಬ್ಬಿತು. ಕುತ್ತಿಗೆಯ ಮೇಲೆ ಫ್ರೆಟ್ ಇರುವುದರಿಂದ ಬೆರಳು ಸ್ವಲ್ಪ ಹಿಂದೆ ಬಿದ್ದರೂ ಸ್ವರ ನಿಖರವಾಗಿ ಬರುತ್ತದೆ, ಹೆಸರು ಬಂದದ್ದೇ ಅದರಿಂದ.

ಮೊದಲು ಗಿಟಾರ್ ಕಲಿತು ಆಮೇಲೆ ಬೇಸ್‌ಗೆ ಬರಬೇಕೆ?

ಬೇಕಿಲ್ಲ. ಗಿಟಾರ್ ಬಂದರೆ ತಂತಿಗಳ ಹೆಸರು, ಸ್ವರಗಳ ಜಾಗ ಮೊದಲೇ ಗೊತ್ತಿರುತ್ತದೆ, ಅಷ್ಟು ಅನುಕೂಲ. ಜೊತೆಗೆ ಒಂದು ಅನಾನುಕೂಲವೂ ಇದೆ: ಗಿಟಾರಿನಿಂದ ಬಂದವರಿಗೆ ಖಾಲಿ ಜಾಗ ಕಂಡರೆ ತುಂಬುವ ಚಟ. ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಕಲಿಯಲು ಅವರಿಗೆ ಕಾಲ ಹಿಡಿಯುತ್ತದೆ.

ವಯಸ್ಸು ನಲವತ್ತೈದು. ತಡವಾಯಿತೆ?

ಇಲ್ಲ. ಹವ್ಯಾಸಿಗಳಿಗೆ ಬೇಸ್‌ನಷ್ಟು ಉದಾರವಾದ ವಾದ್ಯ ಕಡಿಮೆ. ಎರಡು ಸ್ವರ ಸರಿಯಾದ ಹೊತ್ತಿಗೆ ನುಡಿಸುವವರಿಗೆ ವಾದ್ಯವೃಂದದಲ್ಲಿ ಜಾಗ ಇದ್ದೇ ಇದೆ. ಗಿಟಾರ್ ನುಡಿಸುವವರು ಎಲ್ಲೆಲ್ಲೂ ಇದ್ದಾರೆ, ಬೇಸ್ ನುಡಿಸುವವರಿಗಾಗಿಯೇ ಜನ ಹುಡುಕುವುದು. ಬೆರಳುಗಳು ಹದಿನಾರರ ಹುಡುಗನಷ್ಟು ಬೇಗ ಓಡದಿರಬಹುದು. ಈ ವಾದ್ಯದಲ್ಲಿ ಓಟಕ್ಕೆ ಬೆಲೆಯೂ ಅಷ್ಟಕ್ಕಷ್ಟೆ.

ನಾಲ್ಕು ತಂತಿಯದೋ ಐದು ತಂತಿಯದೋ?

ನಾಲ್ಕು. ಐದು ತಂತಿಯ ಬೇಸ್‌ನಲ್ಲಿ ಕೆಳಗೆ ಇನ್ನೊಂದು ಬಿ ತಂತಿ ಇರುತ್ತದೆ, ಅದರ ಕಂಪನ ಸೆಕೆಂಡಿಗೆ 31ರ ಆಸುಪಾಸು. ಕೇಳಲು ಭವ್ಯವಾಗಿರುತ್ತದೆ, ಆದರೆ ನುಡಿಸದಿರುವಾಗ ಅದನ್ನು ಸುಮ್ಮನಿರಿಸುವ ಕೆಲಸವೂ ಹೆಗಲಿಗೇರುತ್ತದೆ. ನೀವು ಇಷ್ಟಪಡುವ ಹಾಡುಗಳಲ್ಲೆಲ್ಲ ಆ ಕೆಳಸ್ವರಗಳು ಕೇಳಿಸುತ್ತಿದ್ದರೆ ಮಾತ್ರ ಆರಂಭದಿಂದಲೇ ಐದನ್ನು ಹಿಡಿಯಿರಿ. ಆರು ತಂತಿಯ ಮಾತು ಈಗ ಬೇಡ.

ಕೈ ಚಿಕ್ಕದು. ಬೆರಳು ಎಟುಕುತ್ತಿಲ್ಲ.

ಸಾಮಾನ್ಯ ಬೇಸ್‌ನಲ್ಲಿ ತಂತಿಯ ಕಂಪಿಸುವ ಉದ್ದ 34 ಇಂಚು, ಅಂದರೆ 864 ಮಿಲಿಮೀಟರ್. 30 ಇಂಚಿನ ‘ಶಾರ್ಟ್ ಸ್ಕೇಲ್’ ಬೇಸ್‌ಗಳೂ ಸಿಗುತ್ತವೆ. ಅವುಗಳಲ್ಲಿ ಫ್ರೆಟ್‌ಗಳು ಹತ್ತಿರ, ತಂತಿಯ ಬಿಗಿ ಕಡಿಮೆ, ನಾದ ತುಸು ದುಂಡಗೆ. ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ ಕೈಯಲ್ಲಿ ಕಾಣುವ ಪಿಟೀಲಿನಾಕಾರದ ಹೊಫ್ನರ್ ಬೇಸ್ ಇದೇ ಜಾತಿಯದು, ಹಾಗಾಗಿ ಇದನ್ನು ಮಕ್ಕಳಾಟಿಕೆ ಎಂದು ಯಾರೂ ಮೂಗು ಮುರಿಯಬೇಕಿಲ್ಲ.

ಆದರೂ ವಾದ್ಯ ಬದಲಿಸುವ ಮುನ್ನ ಕೈ ಇಡುವ ರೀತಿಯನ್ನು ನೋಡಿಕೊಳ್ಳಿ. ಡಬಲ್ ಬೇಸ್ ನುಡಿಸುವವರು ಕುತ್ತಿಗೆಯ ಕೆಳಸ್ವರಗಳ ತುದಿಯಲ್ಲಿ ಒಂದೊಂದು ಫ್ರೆಟ್ಟಿಗೆ ಒಂದೊಂದು ಬೆರಳು ಎಂದು ಚಾಚುವುದಿಲ್ಲ. ತೋರುಬೆರಳು, ನಡುಬೆರಳು, ಆಮೇಲೆ ಉಂಗುರಬೆರಳಿನ ಆಸರೆ ಪಡೆದ ಕಿರುಬೆರಳು, ಹೀಗೆ ಮೂರು ಫ್ರೆಟ್‌ಗಳನ್ನು ಮಾತ್ರ ಆಳುತ್ತಾರೆ. ನಾಲ್ಕನೆಯದು ಬೇಕಾದರೆ ಕೈಯನ್ನೇ ಸರಿಸುತ್ತಾರೆ. ತಲೆಯ ಕಡೆಯಿಂದ ಮೊದಲ ಐದು ಫ್ರೆಟ್‌ಗಳಲ್ಲಿ ಈ ಪದ್ಧತಿ ಎಂಥ ಕೈಗೂ ಒಗ್ಗುತ್ತದೆ. ಕುತ್ತಿಗೆಯ ಮೇಲಕ್ಕೆ, ಅಂದರೆ ವಾದ್ಯದ ಒಡಲಿನ ಕಡೆಗೆ ಹೋದಂತೆ ಫ್ರೆಟ್‌ಗಳು ಹತ್ತಿರವಾಗುತ್ತವೆ, ಅಲ್ಲಿ ನಾಲ್ಕು ಬೆರಳು ನಾಲ್ಕು ಫ್ರೆಟ್ಟಿಗೆ ತಾವಾಗಿಯೇ ಹೊಂದುತ್ತವೆ.

ಹಳೆಯ ಬೇಸ್ ಕೊಳ್ಳುವಾಗ ಏನೇನು ನೋಡಬೇಕು?

ಬಣ್ಣ, ಗೀರು ನೋಡಿ ಕಾಲಹರಣ ಮಾಡಬೇಡಿ. ಕುತ್ತಿಗೆಯನ್ನು ನೋಡಿ. ವಾದ್ಯದ ಬುಡವನ್ನು ಕಣ್ಣಿನ ಮಟ್ಟಕ್ಕೆ ತಂದು, ಅಲ್ಲಿಂದ ಕುತ್ತಿಗೆಯುದ್ದಕ್ಕೂ ದೃಷ್ಟಿ ಹಾಯಿಸಿ. ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ, ತಿರುಚಿಕೊಂಡಿದ್ದರೆ ಅಲ್ಲೇ ಬಿಟ್ಟು ಬನ್ನಿ. ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳನೆಯ ಫ್ರೆಟ್ಟಿನ ಬಳಿ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಸಂದಿ ಇದೆ ನೋಡಿ. ವಿಸಿಟಿಂಗ್ ಕಾರ್ಡೊಂದು ತೂರುವಷ್ಟಿದ್ದರೆ ಸರಿ. ಹೆಚ್ಚು ಕಡಿಮೆ ಇದ್ದರೆ ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು. ಆ ಸರಳು ತಿರುಗುತ್ತದೆಯೇ ಎಂದು ಮಾರುವವರನ್ನೇ ತೋರಿಸಲು ಹೇಳಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಎಷ್ಟು ಅಗ್ಗವಾದರೂ ಬೇಡ.

ನಂತರ ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಮ್ಮೆ ನುಡಿಸಿ. ಬೇಸರದ ಕೆಲಸ, ಮಾಡಿ. ಒಂದು ಫ್ರೆಟ್ಟಿನಲ್ಲಿ ಮಾತ್ರ ಸ್ವರ ಸತ್ತಂತೆ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಬಹುತೇಕ ಅದು ಧೂಳು, ಚೌಕಾಸಿಗೆ ಒಳ್ಳೆಯ ನೆಪವಷ್ಟೆ.

ಮಾದರಿಗಳ ಬಗ್ಗೆ ಹೇಳುವುದಾದರೆ, ಇಂದು ಸಿಗುವ ಬೇಸ್‌ಗಳಲ್ಲಿ ದೊಡ್ಡ ಪಾಲು 1951ರ ಪ್ರಿಸಿಷನ್ ಇಲ್ಲವೇ 1960ರ ಜಾಝ್ ಬೇಸ್‌ನ ಮಕ್ಕಳು ಮೊಮ್ಮಕ್ಕಳು. ಪ್ರಿಸಿಷನ್‌ನ ಕುತ್ತಿಗೆ ಅಗಲ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಒಂದೇ, ದನಿ ಗಟ್ಟಿ. ಜಾಝ್ ಬೇಸ್‌ನ ಕುತ್ತಿಗೆ ತುದಿಯಲ್ಲಿ ಸುಮಾರು 38 ಮಿಲಿಮೀಟರ್‌ಗೆ ಕಿರಿದಾಗುತ್ತದೆ, ಪಿಕಪ್ ಎರಡು, ದನಿಯಲ್ಲಿ ಬಗೆ ಹೆಚ್ಚು. ಯಾವುದು ಮೇಲು ಎಂಬ ಜಗಳ ಎಂದಿಗೂ ಮುಗಿಯುವುದಲ್ಲ. ನಿಮ್ಮ ಅಂಗೈಗೆ ಯಾವ ಕುತ್ತಿಗೆ ಹಿತವೋ ಅದನ್ನೇ ಕೊಳ್ಳಿ.

ಗಿಟಾರಿನ ಆಂಪ್ಲಿಫೈಯರಿಗೆ ಬೇಸ್ ಜೋಡಿಸಬಹುದೆ?

ಸಣ್ಣ ದನಿಯಲ್ಲಾದರೆ ತೊಂದರೆಯಿಲ್ಲ. ದನಿ ಏರಿಸಿದಾಗ ಕೆಳಸ್ವರಗಳು ಸ್ಪೀಕರಿನ ಕೋನನ್ನು ಅದು ಹೋಗಬಾರದಷ್ಟು ದೂರ ಹಿಂದೆ ಮುಂದೆ ತಳ್ಳುತ್ತವೆ, ಗಿಟಾರಿನ ಸ್ಪೀಕರ್ ಅದಕ್ಕಾಗಿ ಮಾಡಿದ್ದಲ್ಲ. ಕೋನ್ ಹರಿಯುತ್ತದೆ. ಮನೆಗೆ 20-30 ವಾಟ್‌ನ ಬೇಸ್ ಆಂಪ್ ಧಾರಾಳ. ನಿಜವಾದ ಡ್ರಮ್ ಸೆಟ್ಟಿನ ಎದುರು ಕೇಳಿಸಬೇಕಾದರೆ 200-300 ವಾಟ್ ಬೇಕಾಗುತ್ತದೆ, ಕೆಳಸ್ವರವನ್ನು ಅದೇ ಜೋರಿನಲ್ಲಿ ಕೇಳಿಸಲು ಶಕ್ತಿ ಅಷ್ಟು ಹೆಚ್ಚು ಬೇಕು.

ಅಕ್ಕಪಕ್ಕದವರ ನಿದ್ದೆ ಕೆಡಿಸಬಾರದೆಂದಿದ್ದರೆ ಹೆಡ್‌ಫೋನ್ ಆಂಪ್ ಸಾಕು. ಗೋಡೆ ದಾಟಿ ಹೋಗುವುದರಲ್ಲಿ ಕೆಳಸ್ವರಗಳೇ ಮುಂದು: ಹಾಡು ಪಕ್ಕದ ಮನೆಗೆ ತಲುಪದಿದ್ದರೂ ಬೇಸ್‌ನ ಗುಂಯ್ ಮಾತ್ರ ತಲುಪುತ್ತದೆ. ಆಂಪ್ ಇಲ್ಲದೆ ಬರಿದೇ ನುಡಿಸಿ ಅಭ್ಯಾಸ ಮಾಡುವುದನ್ನು ನಾನು ಒಪ್ಪುವುದಿಲ್ಲ. ದನಿ ಕೇಳಿಸಲೆಂದು ತಂತಿಯನ್ನು ಜಗ್ಗುವ ರೂಢಿ ಬೀಳುತ್ತದೆ, ಮತ್ತು ಪಕ್ಕದ ತಂತಿಗಳು ಮಾಡುವ ಗದ್ದಲ ಕಿವಿಗೇ ಬೀಳುವುದಿಲ್ಲ.

ಮೊಬೈಲಿನ ಟ್ಯೂನರ್ ದಪ್ಪ ತಂತಿಯನ್ನು ಹಿಡಿಯುವುದೇ ಇಲ್ಲ. ಏನು ಮಾಡಲಿ?

ಮೊಬೈಲಿನ ಮೈಕು ಅಷ್ಟು ಕೆಳಗಿನ ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಹನ್ನೆರಡನೆಯ ಫ್ರೆಟ್ಟಿನ ಲೋಹದ ನೇರ ಮೇಲೆ ತಂತಿಯನ್ನು ಒತ್ತದೆ, ಬೆರಳ ತುದಿಯಿಂದ ಸೋಕಿ ಮೀಟಿ. ಬೆರಳನ್ನು ತಕ್ಷಣ ಎತ್ತಿ. ಗಂಟೆಯಂಥ ತೆಳು ನಾದ ಹೊಮ್ಮುತ್ತದೆ, ಅದು ಬಿಡಿ ತಂತಿಗಿಂತ ಒಂದು ಸ್ಥಾಯಿ ಮೇಲಿನದು. 41ರ ಬದಲು 82 ಕೇಳಿಸಿದೊಡನೆ ಟ್ಯೂನರಿನ ಮುಳ್ಳು ಎಚ್ಚರಗೊಳ್ಳುತ್ತದೆ. ವಾದ್ಯದ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಆದರೆ ಮರದ ಕಂಪನವನ್ನೇ ಓದುತ್ತದೆ, ಸುತ್ತ ಗಲಾಟೆಯಿದ್ದರೂ ನಡೆಯುತ್ತದೆ.

ಟ್ಯೂನರ್ ಇಲ್ಲದಾಗ ದಪ್ಪ ತಂತಿಯ ಐದನೆಯ ಫ್ರೆಟ್ಟಿನ ಮೇಲೆ ಹೀಗೇ ಸೋಕಿ, ಪಕ್ಕದ ತಂತಿಯ ಏಳನೆಯ ಫ್ರೆಟ್ಟಿನ ಮೇಲೆ ಸೋಕಿ. ಎರಡೂ ಒಂದೇ ಸ್ವರವಾಗಬೇಕು. ಕೊಂಚ ಹೆಚ್ಚು ಕಡಿಮೆಯಿದ್ದರೆ ಒಟ್ಟು ನಾದ ‘ವಾಂವ್ ವಾಂವ್’ ಎಂದು ಅಲೆಯುತ್ತದೆ. ಬಿರಡೆ ತಿರುಗಿಸುತ್ತಾ ಹೋದಂತೆ ಅಲೆ ನಿಧಾನವಾಗುತ್ತಾ ಬಂದು ನಿಲ್ಲುತ್ತದೆ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬಿಗಿಯುತ್ತಾ ಸ್ವರಕ್ಕೆ ಬನ್ನಿ. ಸಡಿಲಿಸುತ್ತಾ ಬಂದು ನಿಲ್ಲಿಸಿದರೆ ತಂತಿ ಬೇಗ ಜಾರುತ್ತದೆ.

ಬೆರಳಿನಿಂದ ನುಡಿಸಬೇಕೋ, ಪಿಕ್ಕಿನಿಂದಲೋ?

ಬೆರಳಿಗೂ, ತಂತಿ ಮೀಟುವ ಪುಟ್ಟ ಬಿಲ್ಲೆಯಾದ ಪಿಕ್ಕಿಗೂ ಮರ್ಯಾದೆ ಇದೆ. ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೊದಲ್ಲಿ 1960ರ ದಶಕದುದ್ದಕ್ಕೂ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ಎಲ್ಲವನ್ನೂ ನುಡಿಸಿದರು. ಅದೇ ಕಾಲದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೊಗಳಲ್ಲಿ ಕ್ಯಾರಲ್ ಕೇ ಪಿಕ್ ಹಿಡಿದು ನುಡಿಸುತ್ತಿದ್ದರು. ಇಬ್ಬರ ಬೇಸ್ ಕೇಳಿ ಯಾರೂ ಕೊರತೆ ಹೇಳಿಲ್ಲ.

ಆರಂಭಕ್ಕೆ ತೋರುಬೆರಳು ಮತ್ತು ನಡುಬೆರಳನ್ನು ಒಂದಾದ ಮೇಲೊಂದರಂತೆ ನಡೆಸಿ. ತಂತಿಯನ್ನು ಮೇಲಕ್ಕೆ ಎಳೆಯಬಾರದು. ಬೆರಳು ತಂತಿಯನ್ನು ದಾಟಿ ಹೋಗಿ ಅದರ ಹಿಂದಿನ ದಪ್ಪ ತಂತಿಗೆ ಒರಗಿ ನಿಲ್ಲಬೇಕು. ಮೀಟುವ ಜಾಗವನ್ನೂ ಬದಲಿಸಿ ನೋಡಿ: ಕುತ್ತಿಗೆಯ ಹತ್ತಿರ ಮೀಟಿದರೆ ದನಿ ಮೃದು, ತಂತಿಗಳು ಒಡಲಿನ ಮೇಲೆ ಕೂರುವ ಬ್ರಿಜ್ಜಿನ ಹತ್ತಿರ ಮೀಟಿದರೆ ಕಟುವಾಗಿ ಸ್ಪಷ್ಟ. ಹಣ ಕೊಟ್ಟು ದನಿ ಬದಲಿಸುವ ಪೆಡಲ್ ಕೊಳ್ಳುವ ಮುನ್ನ ಈ ಒಂದು ಗೇಣಿನಲ್ಲಿ ಎಷ್ಟು ದನಿಗಳಿವೆ ಎಂದು ಹುಡುಕಿ.

ನನ್ನ ವಾದನ ಯಾಕೋ ಕಲಸಿಹೋದಂತೆ ಕೇಳಿಸುತ್ತದೆ. ಸ್ವರಗಳೇನೋ ಸರಿಯಾಗೇ ಇವೆ.

ಹವ್ಯಾಸಿಗಳು ಕೇಳುವ ಪ್ರಶ್ನೆಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಬೇಸ್‌ನಲ್ಲಿ ಸ್ವರ ಎಲ್ಲಿ ಮೊದಲಾಗುತ್ತದೆ ಎಂಬುದರ ಮೇಲೆ ಎಲ್ಲರ ಗಮನ. ಎಲ್ಲಿ ಮುಗಿಯುತ್ತದೆ ಎಂಬುದನ್ನು ಕೇಳುವವರೇ ಇಲ್ಲ. ಕಲಸಿಹೋಗುವುದು ಅಲ್ಲೇ.

ದಪ್ಪ ತಂತಿಗಳು ಒಮ್ಮೆ ನಡುಗಿದರೆ ಸೆಕೆಂಡುಗಟ್ಟಲೆ ನಡುಗುತ್ತವೆ. ನೀವು ಎರಡನೆಯ ತಂತಿ ನುಡಿಸುತ್ತಿರುವಾಗ ನಾಲ್ಕನೆಯದು ತಾನೇ ತಾನಾಗಿ ಗುನುಗತೊಡಗುತ್ತದೆ. ಇದಕ್ಕೆ ಎರಡೂ ಕೈಗಳ ಕಾವಲು ಬೇಕು. ಬಲಗೈಯ ಹೆಬ್ಬೆರಳನ್ನು ಒಂದೇ ಕಡೆ ಊರಿಡಬೇಡಿ. ನೀವು ತೆಳು ತಂತಿಗಳ ಕಡೆಗೆ ಹೋದಂತೆ ಅದೂ ಜೊತೆಗೆ ಸರಿಯಬೇಕು: ಎರಡನೆಯ ತಂತಿ ನುಡಿಸುವಾಗ ಹೆಬ್ಬೆರಳು ನಾಲ್ಕನೆಯದರ ಮೇಲೆ ಒರಗಿರಲಿ, ಮೂರನೆಯದನ್ನು ಮೀಟಿ ಬಂದು ನಿಂತ ಬೆರಳು ಸುಮ್ಮನಿರಿಸುತ್ತದೆ. ಒಂದನೆಯ ತಂತಿಗೆ ಹೋದಾಗ ಹೆಬ್ಬೆರಳು ಮೂರಕ್ಕೆ ಸರಿದು, ಅದರ ಪಕ್ಕೆ ನಾಲ್ಕನೆಯದನ್ನೂ ಸೋಕಿರಲಿ. ತೆಳು ತಂತಿಗಳ ಹೊಣೆ ಎಡಗೈಯದು. ಒತ್ತುವ ಬೆರಳಿನ ತಗ್ಗಿದ ಭಾಗ ಕೆಳಗಿನ ತಂತಿಗಳ ಮೇಲೆ ಹಗುರವಾಗಿ ಮಲಗಿದ್ದರೆ ಸಾಕು.

ಇನ್ನು ಸ್ವರದ ಕೊನೆ. ಮೂರನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಸಿ ಸ್ವರವಿದೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ ಒಂದಕ್ಕೆ ಮೀಟಿ, ನಾಲ್ಕು ಮುಗಿಯುವವರೆಗೆ ಬಿಡಿ. ಎರಡನೆಯ ಸಲ, ಮೂರು ಎನ್ನುವ ಗಳಿಗೆಯಲ್ಲೇ ನಿಲ್ಲಿಸಿ. ಬೆರಳನ್ನು ತಂತಿಯಿಂದ ಎತ್ತಬಾರದು, ಒತ್ತು ಸಡಿಲಿಸಿದರೆ ಸಾಕು. ಮೂರನೆಯ ಸಲ, ಮೀಟಿದ ಕೂಡಲೇ ಕತ್ತರಿಸಿ. ಇದನ್ನು ಡ್ರಮ್ ಜೊತೆಗೆ ರೆಕಾರ್ಡ್ ಮಾಡಿ ಕೇಳಿ. ಸ್ವರ ಒಂದೇ, ಮೀಟಿದ ಕ್ಷಣ ಒಂದೇ, ಹಾಡಿನ ನಡಿಗೆ ಮಾತ್ರ ಮೂರು ಬಗೆ. ಡ್ರಮ್ ಸೆಟ್ಟಿನಲ್ಲಿ ಚಟ್ಟನೆ ಸದ್ದು ಮಾಡುವ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುವ ಜಾಗದಲ್ಲಿ ಬೇಸ್ ನಿಂತರೆ ಆ ಪೆಟ್ಟು ಎರಡರಷ್ಟು ದೊಡ್ಡದಾಗಿ ಕೇಳಿಸುತ್ತದೆ.

ಮೊಟ್ಟಮೊದಲು ಏನು ನುಡಿಸಬೇಕು? ಸ್ಕೇಲುಗಳೇ?

ಷಡ್ಜ, ಪಂಚಮ, ಮೇಲಿನ ಷಡ್ಜ. ಇಷ್ಟು ಬಂದರೆ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಸ್ ಹಾಕಬಹುದು. ಮೂರನೆಯ ತಂತಿಯ ಮೂರನೆಯ ಫ್ರೆಟ್ಟಿನ ಸಿ ನಿಮ್ಮ ಷಡ್ಜವಾದರೆ, ಎರಡನೆಯ ತಂತಿಯ ಐದನೆಯ ಫ್ರೆಟ್ ಪಂಚಮ, ಒಂದನೆಯ ತಂತಿಯ ಐದನೆಯ ಫ್ರೆಟ್ ಮೇಲಿನ ಷಡ್ಜ. ಕೆಳಗಿನ ಪಂಚಮ ಇನ್ನೂ ಸುಲಭ: ಅದೇ ಮೂರನೆಯ ಫ್ರೆಟ್, ನಾಲ್ಕನೆಯ ತಂತಿ. ಬೇಸ್‌ನ ದೊಡ್ಡ ಅನುಕೂಲವೆಂದರೆ ಈ ಆಕಾರ ಕುತ್ತಿಗೆಯ ಮೇಲೆ ಎಲ್ಲಿ ಹೋದರೂ ಬದಲಾಗುವುದಿಲ್ಲ. ಯಾವ ಸ್ವರಕ್ಕೆ ಸರಿದರೂ ಕೈ ಹಾಗೇ ಇರುತ್ತದೆ.

ಈಗ ಸಿ, ಎ ಮೈನರ್, ಎಫ್, ಜಿ ಎಂಬ ನಾಲ್ಕು ಸ್ವರಗುಚ್ಛಗಳನ್ನು, ಅಂದರೆ ಕಾರ್ಡ್‌ಗಳನ್ನು ತೆಗೆದುಕೊಳ್ಳಿ. ಒಂದೊಂದಕ್ಕೆ ನಾಲ್ಕು ಎಣಿಕೆ. ಮೊದಲ ದಿನಗಳಲ್ಲಿ ಆಯಾ ಕಾರ್ಡಿನ ಷಡ್ಜವನ್ನೇ ನಾಲ್ಕು ಸಲ ನುಡಿಸಿ: ಸಿ ಮೂರನೆಯ ತಂತಿಯಲ್ಲಿ, ಉಳಿದವು ನಾಲ್ಕನೆಯ ತಂತಿಯ ಐದು, ಒಂದು, ಮೂರನೆಯ ಫ್ರೆಟ್‌ಗಳಲ್ಲಿ. ಅದು ತಡವರಿಸದೆ ಬಂದ ಮೇಲೆ ಮೂರನೆಯ ಎಣಿಕೆಗೆ ಪಂಚಮ ಸೇರಿಸಿ. ಆಮೇಲೆ ನಾಲ್ಕನೆಯ ಎಣಿಕೆಯಲ್ಲಿ, ಮುಂದೆ ಬರುವ ಸ್ವರದ ಪಕ್ಕದ ಫ್ರೆಟ್ಟನ್ನು ನುಡಿಸಿ. ಎ ಇಂದ ಎಫ್‌ಗೆ ಇಳಿಯುವಾಗ ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್, ಜಿ ಇಂದ ಮತ್ತೆ ಸಿಗೆ ಹೋಗುವಾಗ ಮೂರನೆಯ ತಂತಿಯ ಎರಡನೆಯ ಫ್ರೆಟ್. ಆ ಸ್ವರ ಆ ಕಾರ್ಡಿಗೆ ಸೇರಿದ್ದಲ್ಲದಿದ್ದರೂ ಯಾರೂ ತಕರಾರು ಮಾಡುವುದಿಲ್ಲ, ಕಿವಿ ಆಗಲೇ ಮುಂದಿನ ಮನೆಯ ಬಾಗಿಲಲ್ಲಿರುತ್ತದೆ. ನೇರ ಜಿಗಿಯುತ್ತಿದ್ದ ಬೇಸ್ ಈಗ ನಡೆಯತೊಡಗುತ್ತದೆ.

ಸ್ಕೇಲುಗಳನ್ನು, ಅಂದರೆ ಸ್ವರಗಳ ಆರೋಹಣ ಅವರೋಹಣವನ್ನು ಇದರ ಜೊತೆಗೇ ಕಲಿಯಿರಿ, ಇದಕ್ಕೆ ಮೊದಲು ಬೇಡ. ಹಾಡಿಲ್ಲದೆ ಬರೀ ಸ್ಕೇಲು ತಿರುವಿದವರು ಬೇಸರಪಟ್ಟು ವಾದ್ಯವನ್ನು ಮೂಲೆಗಿಡುತ್ತಾರೆ.

ಮೆಟ್ರೊನೋಮ್ ಕಡ್ಡಾಯವೆ?

ಹೌದು. ಆದರೆ ಎಲ್ಲ ನಾಲ್ಕು ಎಣಿಕೆಗೂ ಅದು ಟಿಕ್ ಎನ್ನುತ್ತಿದ್ದರೆ ಲಯ ಹಿಡಿಯುವ ಕೆಲಸ ಅದರದ್ದಾಗುತ್ತದೆ, ನಿಮ್ಮದಾಗುವುದಿಲ್ಲ. ಸ್ವಲ್ಪ ಕೈ ಪಳಗಿದ ಮೇಲೆ ಅದನ್ನು ಅರ್ಧ ವೇಗಕ್ಕಿಳಿಸಿ, ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಮಾತ್ರ ಬರುವಂತೆ ಭಾವಿಸಿ ನುಡಿಸಿ. ಹಾಡಿನ ವೇಗ ನಿಮಿಷಕ್ಕೆ 80 ಎಣಿಕೆಯಾದರೆ ಮೆಟ್ರೊನೋಮ್ 40ರಲ್ಲಿರುತ್ತದೆ. ಮೊದಲ ಟಿಕ್ಕಿಗೆ ‘ಎರಡು’ ಎಂದು ಬಾಯಿಬಿಟ್ಟು ಹೇಳಿ, ಅಲ್ಲಿಂದ ‘ಮೂರು, ನಾಲ್ಕು’ ಎಂದು ಮುಂದುವರಿದು ಒಂದಕ್ಕೆ ಶುರು ಮಾಡಿ. ಮೊದಮೊದಲು ತಲೆ ತಿರುಗುತ್ತದೆ, ನಿಮಗೆ ತಿಳಿಯದಂತೆ ಟಿಕ್ಕು ಒಂದಕ್ಕೆ ಜಾರಿಬಿಡುತ್ತದೆ. ಜಾರದೆ ಐದು ನಿಮಿಷ ನಿಂತರೆ ಅದೇ ದೊಡ್ಡ ಸಾಧನೆ.

ನಿಧಾನವಾಗಿ ನುಡಿಸುವುದೇ ಹೆಚ್ಚು ಕಷ್ಟ ಎಂಬುದು ಆಗ ಗೊತ್ತಾಗುತ್ತದೆ. ಎರಡು ಟಿಕ್ಕುಗಳ ನಡುವಿನ ಖಾಲಿ ಜಾಗದಲ್ಲಿ ಅವಸರಪಡುವವರು ಸಿಕ್ಕಿಬೀಳುತ್ತಾರೆ.

ಟ್ಯಾಬ್ ಸಾಕೋ, ನೊಟೇಶನ್ ಓದಲು ಕಲಿಯಬೇಕೋ?

ಯಾವ ತಂತಿಯ ಎಷ್ಟನೆಯ ಫ್ರೆಟ್ ಎಂದು ಅಂಕಿಗಳಲ್ಲಿ ಬರೆದ ಟ್ಯಾಬ್ ನೋಡಿದರೆ ಬೆರಳು ಎಲ್ಲಿಡಬೇಕೆಂದು ತಿಳಿಯುತ್ತದೆ, ಎಷ್ಟು ಹೊತ್ತು ಎಂಬುದು ಬಹಳಷ್ಟು ಟ್ಯಾಬ್‌ಗಳಲ್ಲಿ ಇರುವುದೇ ಇಲ್ಲ. ಇರಬೇಕಾದದ್ದೇ ಅದು. ಹವ್ಯಾಸಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಕಾರ್ಡ್ ಚಾರ್ಟ್: ಹಾಳೆಯ ಮೇಲೆ ಕಾರ್ಡುಗಳ ಹೆಸರು, ಎಷ್ಟೆಷ್ಟು ಎಣಿಕೆ ಎಂಬ ಗುರುತು. ಅದನ್ನು ನೋಡಿ ಬೇಸ್ ಕಟ್ಟುವುದು ಬಂದರೆ ಯಾರ ಜೊತೆಗೂ ಕೂತು ನುಡಿಸಬಹುದು. ನೊಟೇಶನ್ ಕಲಿಯುವವರು ಒಂದು ಸಂಗತಿ ನೆನಪಿಡಬೇಕು, ಬೇಸ್ ಗಿಟಾರಿನ ಸ್ವರಗಳನ್ನು ಅವು ಕೇಳಿಸುವುದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆಯುತ್ತಾರೆ.

ಹಾಡು ಕೇಳಿ ಬೇಸ್ ಹಿಡಿಯಲು ಹೋದರೆ ಏನೂ ಕೇಳಿಸುವುದಿಲ್ಲ.

ಮೊಬೈಲಿನ ಸ್ಪೀಕರಿನಲ್ಲಿ ಕೇಳುತ್ತಿದ್ದರೆ ಕೇಳಿಸುವುದೂ ಇಲ್ಲ. ಅಷ್ಟು ಸಣ್ಣ ಸ್ಪೀಕರಿಗೆ 41ರ ಕಂಪನ ಹೊಮ್ಮಿಸುವ ತಾಕತ್ತಿಲ್ಲ. ಆದರೂ ಕೆಲವೊಮ್ಮೆ ಬೇಸ್ ಇದ್ದಂತೆ ತೋರುತ್ತದೆ, ಏಕೆಂದರೆ ಮೂಲಸ್ವರ ಕಾಣೆಯಾದರೂ ಅದರ ಮೇಲಿನ ಅನುಸ್ವರಗಳನ್ನು ಕೇಳಿ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಹಾಡನ್ನು ಒಂದು ಸ್ಥಾಯಿ ಮೇಲೇರಿಸುವ ಆ್ಯಪ್‌ಗಳಿವೆ. ಹಾಗೆ ಏರಿಸಿದಾಗ ಗಾಯಕರು ಅಳಿಲಿನಂತೆ ಕಿರುಚುತ್ತಾರೆ, ಬೇಸ್ ಮಾತ್ರ ಗಿಟಾರಿನ ಎತ್ತರಕ್ಕೆ ಬಂದು ಸ್ವರ ಸ್ವರವೂ ಬಿಡಿಯಾಗಿ ಕೇಳಿಸುತ್ತದೆ.

ವಾದ್ಯ ಮುಟ್ಟುವ ಮೊದಲು ಬೇಸ್‌ನ ಸಾಲನ್ನು ಗುನುಗಿ. ಗುನುಗಲು ಬಂದರೆ ಬೆರಳಿಗೆ ಬರುತ್ತದೆ. ಪ್ರತಿ ಕಾರ್ಡು ಬದಲಾಗುವಲ್ಲಿ ಬೀಳುವ ಮೊದಲ ಸ್ವರವನ್ನಷ್ಟೇ ಮೊದಲ ಸುತ್ತಿನಲ್ಲಿ ಹಿಡಿಯಿರಿ, ನಡುವಿನ ಕುಸುರಿ ಆಮೇಲೆ.

ಡ್ರಮ್ಮರ್ ಜೊತೆ ನುಡಿಸುವಾಗ ಏನು ಗಮನಿಸಬೇಕು?

ಅವರ ಬಲಗಾಲು. ಕಾಲಿನಿಂದ ಬಡಿಯುವ ಕಿಕ್ ಡ್ರಮ್ ಬೀಳುವ ಜಾಗಗಳಲ್ಲಿ ನಿಮ್ಮ ಸ್ವರ ಬಿದ್ದರೆ ಎರಡೂ ಸೇರಿ ಒಂದೇ ವಾದ್ಯದಂತೆ ಕೇಳಿಸುತ್ತವೆ. ಎಲ್ಲ ಪೆಟ್ಟುಗಳನ್ನೂ ಹಿಡಿಯಬೇಕಿಲ್ಲ, ಒಂದನೆಯದನ್ನು ಬಿಡಬೇಡಿ. ಹತ್ತಿರ ನಿಂತು ಕಣ್ಣಲ್ಲಿ ಕಣ್ಣಿಟ್ಟು ನುಡಿಸಿ. ಹಾಡಿನ ನಡುವೆ ಅವರು ದೊಡ್ಡ ಫಿಲ್, ಅಂದರೆ ಜಾಗ ತುಂಬುವ ಪೆಟ್ಟುಗಳ ಸಾಲು ನುಡಿಸುತ್ತಿರುವಾಗ ನೀವೂ ಕಸರತ್ತು ತೋರಿಸಲು ಹೋಗಬೇಡಿ, ಆ ಎರಡು ಸೆಕೆಂಡು ಉಳಿದವರೆಲ್ಲ ನಿಮ್ಮನ್ನೇ ನಂಬಿರುತ್ತಾರೆ.

ಸ್ಲ್ಯಾಪ್ ಯಾವಾಗ ಕಲಿಯಬಹುದು?

ಮನಸ್ಸಾದಾಗ. ಅದು ಹುಟ್ಟಿದ ಕಥೆ ಮಾತ್ರ ತಿಳಿದಿರಲಿ. ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ತಾಯಿಯ ಜೊತೆ ಕಾರ್ಯಕ್ರಮ ಕೊಡುತ್ತಿದ್ದ ಕಾಲದಲ್ಲಿ ಡ್ರಮ್ಮರ್ ಇಲ್ಲದಂತಾಯಿತು. ಕಿಕ್ ಡ್ರಮ್ಮಿನ ಬದಲು ಹೆಬ್ಬೆರಳಿನಿಂದ ತಂತಿಯನ್ನು ಬಡಿದರು, ಸ್ನೇರಿನ ಬದಲು ಇನ್ನೊಂದು ತಂತಿಯನ್ನು ಬೆರಳಿನಿಂದ ಎಳೆದು ಚಟ್ಟನೆ ಬಿಟ್ಟರು. ಅಂದರೆ ಅದು ತಾಳ ಹಿಡಿಯಲು ಹುಟ್ಟಿದ ವಿದ್ಯೆ. ಅಂಗಡಿಯಲ್ಲಿ ಬೇಸ್ ಪರೀಕ್ಷಿಸುವ ನೆಪದಲ್ಲಿ ಎಲ್ಲರ ಕಿವಿ ತೂತು ಮಾಡುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಫ್ರೆಟ್‌ಲೆಸ್ ಬೇಸ್ ಬಲು ಇಷ್ಟ. ಅದರಿಂದಲೇ ಶುರು ಮಾಡಲೆ?

ಫ್ರೆಟ್ ಇಲ್ಲದ ಬೇಸ್ ನುಡಿಸಿ ಹೆಸರಾದ ಜಾಕೊ ಪಾಸ್ಟೋರಿಯಸ್‌ರನ್ನು ಕೇಳಿದವರಿಗೆಲ್ಲ ಈ ಆಸೆ ಹುಟ್ಟುತ್ತದೆ. ಪಿಟೀಲು ಅಥವಾ ಡಬಲ್ ಬೇಸ್ ನುಡಿಸಿ ಗೊತ್ತಿದ್ದರೆ ಶುರು ಮಾಡಿ. ಇಲ್ಲದಿದ್ದರೆ ಸ್ವರಸ್ಥಾನವೂ ಲಯವೂ ಒಟ್ಟಿಗೆ ಕಾಡುತ್ತವೆ, ಮೊದಲು ಫ್ರೆಟ್ ಇರುವುದರಲ್ಲಿ ಲಯವನ್ನು ಗಟ್ಟಿ ಮಾಡಿಕೊಳ್ಳುವುದೇ ಮೇಲು.

ಕೈ, ಮಣಿಕಟ್ಟು ನೋಯುತ್ತಿದೆ.

ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು, ಮೊಣಕೈ ನೋಯುವುದು, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ಆ ದಿನ ನಿಲ್ಲಿಸಿ, ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಸಾಮಾನ್ಯ ಕಾರಣಗಳು ಎರಡು. ಒಂದು, ಬೇಸ್ ತೀರಾ ಕೆಳಗೆ ನೇತಾಡುತ್ತಿರುವುದರಿಂದ ಮಣಿಕಟ್ಟು ಮಡಚಿಕೊಂಡಿರುತ್ತದೆ. ಕೂತಾಗ ವಾದ್ಯ ಎಷ್ಟು ಎತ್ತರದಲ್ಲಿರುತ್ತದೋ ನಿಂತಾಗಲೂ ಅಷ್ಟೇ ಇರುವಂತೆ ಪಟ್ಟಿಯನ್ನು ಬಿಗಿ ಮಾಡಿ. ನೋಡಲು ಅಷ್ಟು ಠೀವಿ ಇರುವುದಿಲ್ಲ, ಇರಲಿ. ಎರಡು, ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತುವುದು. ಬೆರಳನ್ನು ಫ್ರೆಟ್ಟಿನ ಲೋಹಕ್ಕೆ ತಾಗಿದಂತೆ ಹಿಂದೆ ಇಟ್ಟು, ಒತ್ತನ್ನು ನಿಧಾನವಾಗಿ ಕಡಿಮೆ ಮಾಡುತ್ತಾ ಬನ್ನಿ. ಸ್ವರ ಬಿರಿಯುವ ಹಂತಕ್ಕೆ ಬಂದಾಗ ಎಷ್ಟು ಕಡಿಮೆ ಬಲ ಸಾಕಿತ್ತು ಎಂದು ಆಶ್ಚರ್ಯವಾಗುತ್ತದೆ. ಬೇಸ್‌ನ ತೂಕ ನಾಲ್ಕು ಕಿಲೋ ಆಸುಪಾಸು ಇರುವುದರಿಂದ ಅಗಲವಾದ ಪಟ್ಟಿ ಕೊಂಡರೆ ಹೆಗಲು ಹರಸುತ್ತದೆ.

ತಂತಿಗಳನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ನಿಮಗೆ ಯಾವ ದನಿ ಇಷ್ಟ ಎಂಬುದರ ಮೇಲೆ ನಿಂತಿದೆ. ಹೊಸ, ದುಂಡು ಸುತ್ತಿನ ರೌಂಡ್‌ವೌಂಡ್ ತಂತಿಗಳು ಪಿಯಾನೊದಂತೆ ಝಣ್ ಎನ್ನುತ್ತವೆ, ಕೆಲವು ವಾರಗಳಲ್ಲಿ ಬೆವರು ಕೊಳೆ ಸೇರಿ ಮಂಕಾಗುತ್ತವೆ. ಆ ಹೊಳಪು ಬೇಕೆನ್ನುವವರು ಆಗಾಗ ಬದಲಿಸುತ್ತಾರೆ. ಚಪ್ಪಟೆ ಸುತ್ತಿನ ಫ್ಲ್ಯಾಟ್‌ವೌಂಡ್ ತಂತಿಗಳು ಮೊದಲಿಂದಲೂ ಮೃದುವಾಗಿರುತ್ತವೆ, ವರ್ಷಗಟ್ಟಲೆ ಬಾಳುತ್ತವೆ. ಜೇಮರ್ಸನ್ ಬಳಸುತ್ತಿದ್ದುದು ಇವನ್ನೇ, ಮುರಿಯದ ಹೊರತು ಬದಲಿಸುತ್ತಿರಲಿಲ್ಲ ಎಂಬುದು ಬೇಸ್ ನುಡಿಸುವವರೆಲ್ಲ ಹೇಳುವ ಮಾತು. ಸಾಧಾರಣ ಸೆಟ್ಟಿನ ದಪ್ಪ 45ರಿಂದ 105, ಅಂದರೆ ಇಂಚಿನ ಸಾವಿರದ ಭಾಗಗಳಲ್ಲಿ. ಇದಕ್ಕಿಂತ ತೀರಾ ಬೇರೆ ದಪ್ಪದ ಸೆಟ್ ಹಾಕಿದರೆ ಕುತ್ತಿಗೆಯ ಮೇಲಿನ ಎಳೆತ ಬದಲಾಗಿ ಟ್ರಸ್ ರಾಡನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಬೇಸ್ ಇದ್ದಕ್ಕಿದ್ದಂತೆ ಗೊರಗೊರ ಎಂದು ದನಿಯೇ ಕ್ಷೀಣಿಸಿತು. ಕೆಟ್ಟಿತೆ?

ಆ್ಯಕ್ಟಿವ್ ಬೇಸ್ ಆಗಿದ್ದರೆ ಒಳಗಿನ 9 ವೋಲ್ಟ್ ಬ್ಯಾಟರಿ ಮುಗಿದಿರಬೇಕು. ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಕೆಲಸ ಶುರು ಮಾಡುತ್ತದೆ, ನೀವು ನುಡಿಸಲಿ ಬಿಡಲಿ. ಅಭ್ಯಾಸ ಮುಗಿದ ಮೇಲೆ ಕೇಬಲ್ ಕಿತ್ತಿಡಿ.

ಕಿವಿಗೆ ಅಪಾಯವಿದೆಯೆ?

ಇದೆ, ಅದು ಬಹುಪಾಲು ಪಕ್ಕದಲ್ಲಿರುವ ಡ್ರಮ್ ಸೆಟ್ಟಿನ ಸಿಂಬಲ್‌ಗಳಿಂದ. ಕಿವಿತಜ್ಞರು ಪಾಲಿಸುವ ಒಂದು ಲೆಕ್ಕದ ಪ್ರಕಾರ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ಮುಟ್ಟಿದಾಗ ಉಳಿಯುವುದು ಕಾಲು ಗಂಟೆ. ಚಿಕ್ಕ ಕೋಣೆಯಲ್ಲಿ ಡ್ರಮ್ ಜೊತೆ ನುಡಿಸಿದರೆ ಆ ಮಟ್ಟ ಸುಲಭವಾಗಿ ತಲುಪುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಹಾಕಿಕೊಳ್ಳಿ.

ಎಲ್ಲರೆದುರು ನುಡಿಸುವಾಗ ತಪ್ಪು ಸ್ವರ ಬಿದ್ದರೆ?

ಏಳು ಸ್ವರಗಳ ಮೇಜರ್ ಸ್ಕೇಲಿನಲ್ಲಿ ಹೊರಗಿನ ಸ್ವರ ಯಾವುದೇ ಬಿದ್ದರೂ ಅದರ ಎರಡೂ ಪಕ್ಕದ ಫ್ರೆಟ್‌ಗಳಲ್ಲಿ ಸ್ಕೇಲಿನ ಸ್ವರವೇ ಇರುತ್ತದೆ. ಬೆರಳನ್ನು ಎತ್ತದೆ ಮೇಲಕ್ಕೋ ಕೆಳಕ್ಕೋ ಒಂದು ಫ್ರೆಟ್ ಜಾರಿಸಿ. ಬೇಕೆಂದೇ ಹಾಗೆ ನುಡಿಸಿದಂತೆ ಕೇಳಿಸುತ್ತದೆ. ಹಾಡಿನಲ್ಲಿ ಎಲ್ಲಿದ್ದೇವೆಂಬುದೇ ತಪ್ಪಿಹೋದರೆ ತಡಕಾಡುತ್ತಾ ನುಡಿಸಬೇಡಿ. ಅಂಗೈಯಿಂದ ತಂತಿಗಳನ್ನೆಲ್ಲ ಮುಚ್ಚಿ, ಡ್ರಮ್ಮರಿನ ಕಾಲನ್ನು ನೋಡುತ್ತಾ ಎಣಿಸಿ, ಮುಂದಿನ ಸಾಲಿನ ಒಂದನೆಯ ಎಣಿಕೆಗೆ ಒಳಗೆ ಬನ್ನಿ. ಮುಖ ಮಾತ್ರ ಸಿಂಡರಿಸಬೇಡಿ. ಕೇಳುವವರಿಗೆ ತಪ್ಪು ಗೊತ್ತಾಗುವುದು ಬಹಳ ಸಲ ಅದರಿಂದಲೇ.